ಮುಧೋಳ ನಾಯಿ, ಮಾಗಡಿ ಕೆರೆಯ ಹೆಬ್ಬಾತು: ಎರಡಕ್ಕೂ ಒಂದೇ ಕ್ಯಾಮೆರಾ

ನಮ್ಮ ಅಣ್ಣ-ವೈನಿ ಇರುವುದು ಗದಗ ಜಿಲ್ಲೆಯ ಲಕ್ಷ್ಮೇಶ್ವರದ ಕಡೆ ಒಂದು ಹಳ್ಳಿಯಲ್ಲಿ. ವೈನಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಮನೆಯಲ್ಲಿ ಒಂದು ಮುಧೋಳ ನಾಯಿ ಇದೆ. ಅವರ ಊರಿಗೆ ಹತ್ತಿರದಲ್ಲೇ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಹಿಂಡು ಹಿಂಡಾಗಿ ಇಳಿಯುತ್ತವೆ. 2024ರಲ್ಲಿ ಈ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಆಮೇಲೆ ಶಾಲೆಯ ಮಕ್ಕಳಿಗೆ ಈ ಹಕ್ಕಿಗಳನ್ನು ತಾವೇ ತೆಗೆದ ಫೋಟೋಗಳಲ್ಲಿ ತೋರಿಸಬೇಕು ಅನ್ನುವ ಆಸೆ ವೈನಿಗೆ ಬಲವಾಯಿತು. ನಾಯಿಯ ಫೋಟೋ ತೆಗೆಯುವ ಹುಚ್ಚು ಮೊದಲಿನಿಂದಲೂ ಇತ್ತು.

ಅಲ್ಲಿಯವರೆಗೆ ಎಲ್ಲವೂ ಮೊಬೈಲಿನಲ್ಲೇ. "ಕುಂತಾಗ ಚಂದ ಬರ್ತದ ತಮ್ಮಾ. ಓಡಾಕ ಹತ್ತಿತು ಅಂದ್ರ ಬರೇ ಗೀಟು ಬರ್ತದ" ಅಂದರು. ಹೆಬ್ಬಾತುಗಳಂತೂ ನೀರಿನ ಮೇಲೆ ಚುಕ್ಕೆಗಳಾಗಿದ್ದವು. ಕೈಯಲ್ಲಿ ಒಂದೂಕಾಲು ಲಕ್ಷ ರೂಪಾಯಿ ಇತ್ತು. ಅದರಲ್ಲೇ ಕ್ಯಾಮೆರಾ, ಲೆನ್ಸ್, ಕಾರ್ಡ್, ಚೀಲ ಎಲ್ಲಾ ಮುಗಿಯಬೇಕು. ಏನು ತಗೊಳ್ಳೋದು ಎಂದು ನನ್ನನ್ನು ಕೇಳಿದರು. ಆ ಆಯ್ಕೆ ಹೇಗೆ ನಡೆಯಿತು, ಯಾವ ಲೆಕ್ಕದ ಮೇಲೆ ಯಾವುದನ್ನು ಬಿಟ್ಟೆವು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಾಯಿ-ಬೆಕ್ಕು ಸಾಕಿಕೊಂಡು ಹಕ್ಕಿಗಳ ಹಿಂದೆಯೂ ಹೋಗುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಅವರಿಗೆ ಅಂಗಡಿಯಲ್ಲಿ ಸಿಗುವ ಸಲಹೆ ಮಾತ್ರ ಮೆಗಾಪಿಕ್ಸೆಲ್ ದಾಟಿ ಮುಂದೆ ಹೋಗುವುದೇ ಇಲ್ಲ.

ಮೊದಲು ಹೊಸ ಕ್ಯಾಮೆರಾದ ಮಾತು. ಅಂಗಡಿಯವರು ತೋರಿಸಿದ್ದು ಆರಂಭಿಕ ಮಟ್ಟದ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ), ಜೊತೆಗೆ ಎರಡು ಲೆನ್ಸ್, ಅಂದರೆ ಡಬಲ್ ಕಿಟ್. ಕ್ಯಾನನ್ 1500ಡಿ, ನಿಕಾನ್ ಡಿ3500 ಈ ಸಾಲಿನವು. ಎರಡರಲ್ಲೂ 24 ಮೆಗಾಪಿಕ್ಸೆಲ್ ಇದೆ. ನಿಂತ ವಸ್ತುವಿನ ಫೋಟೋಗೆ ಯಾವ ಕೊರತೆಯೂ ಇಲ್ಲ. ಆದರೆ 1500ಡಿ ಸೆಕೆಂಡಿಗೆ 3 ಫ್ರೇಮ್ ತೆಗೆಯುತ್ತದೆ, ಫೋಕಸ್ ಬಿಂದುಗಳು 9. ಡಿ3500ರಲ್ಲಿ 5 ಫ್ರೇಮ್, 11 ಬಿಂದು.

ಇದನ್ನು ನಾಯಿಯ ಓಟಕ್ಕೆ ಇಟ್ಟು ನೋಡೋಣ. ಮುಧೋಳ ನಾಯಿ ಬೇಟೆಗೆಂದೇ ಬೆಳೆಸಿದ ತಳಿ. ಅದು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 11 ಮೀಟರ್. ಸೆಕೆಂಡಿಗೆ 3 ಫ್ರೇಮ್ ತೆಗೆದರೆ ಒಂದು ಫೋಟೋದಿಂದ ಇನ್ನೊಂದಕ್ಕೆ ನಾಯಿ ಮೂರೂವರೆ ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. 8 ಫ್ರೇಮ್ ತೆಗೆದರೆ 1.4 ಮೀಟರ್. ನಾಲ್ಕೂ ಕಾಲು ನೆಲ ಬಿಟ್ಟ ಕ್ಷಣ ಸಿಗಬೇಕೆಂದರೆ ಈ ವ್ಯತ್ಯಾಸ ದೊಡ್ಡದು. ಶಟರ್ ವೇಗಕ್ಕೂ ಇದೇ ಲೆಕ್ಕ. 1/500 ಸೆಕೆಂಡಿನಲ್ಲಿ ನಾಯಿ 2.2 ಸೆಂಟಿಮೀಟರ್ ಸರಿಯುತ್ತದೆ. ಗೀಟು ಬರುವುದು ಅದರಿಂದಲೇ. 1/2000ಕ್ಕೆ ಇಟ್ಟರೆ ಅದು ಅರ್ಧ ಸೆಂಟಿಮೀಟರಿನಷ್ಟಾಗುತ್ತದೆ.

ಇನ್ನು ಕೆರೆಯ ಲೆಕ್ಕ. ಪಟ್ಟೆತಲೆ ಹೆಬ್ಬಾತಿನ ಉದ್ದ ಸುಮಾರು 75 ಸೆಂಟಿಮೀಟರ್. ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರಿನ ನಿಕಾನ್ ಕ್ಯಾಮೆರಾಕ್ಕೆ 300 ಎಂಎಂ ಲೆನ್ಸ್ ಹಾಕಿ 100 ಮೀಟರ್ ದೂರಕ್ಕೆ ಹಿಡಿದರೆ, ಫೋಟೋದೊಳಗೆ 7.8 ಮೀಟರ್ ಅಗಲದ ಜಾಗ ಬರುತ್ತದೆ. ಅದರಲ್ಲಿ ಹಕ್ಕಿ ಹತ್ತನೇ ಒಂದು ಪಾಲು ಮಾತ್ರ. 500 ಎಂಎಂ ಹಾಕಿದರೆ ಅಗಲ 4.7 ಮೀಟರ್. ಹಕ್ಕಿ ಆರನೇ ಒಂದು ಪಾಲಿನಷ್ಟು ತುಂಬುತ್ತದೆ. 20.9 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಇದು ಹಕ್ಕಿಯ ಉದ್ದಕ್ಕೆ 530 ಪಿಕ್ಸೆಲ್ ಮತ್ತು 890 ಪಿಕ್ಸೆಲ್ ನಡುವಿನ ವ್ಯತ್ಯಾಸ. ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಮಕ್ಕಳಿಗೆ ಸ್ಪಷ್ಟವಾಗಿ ಕಾಣಬೇಕು ಅಂದರೆ ಎರಡನೆಯದೇ ಬೇಕು. ಕಿಟ್ಟಿನ ಜೊತೆ ಬರುವ ಲೆನ್ಸು 300 ದಾಟುವುದಿಲ್ಲ. ಹಾಗಾಗಿ ಡಬಲ್ ಕಿಟ್ ಅಲ್ಲಿಗೇ ಕೈಬಿಟ್ಟೆವು.

ಹತ್ತಿರ ಹೋದರೆ ಆಯ್ತಲ್ವಾ ಎಂದು ಅಣ್ಣ ಕೇಳಿದ. ಹೋಗಬಾರದು. ಹೆಬ್ಬಾತುಗಳು ಹೊಲಗಳಲ್ಲಿ ಮೇಯ್ದು ಬಂದು ಹಗಲು ಕೆರೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತವೆ. ನಾವು ಹತ್ತಿರ ನುಗ್ಗಿದರೆ ಇಡೀ ಹಿಂಡು ಏಳುತ್ತದೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ, ಮತ್ತೆ ಅಷ್ಟೇ ದೂರ ವಾಪಸ್ ಹೋಗಬೇಕು. ಅದರ ಶಕ್ತಿಯನ್ನು ಒಂದು ಫೋಟೋಗಾಗಿ ಖರ್ಚು ಮಾಡಿಸುವ ಹಕ್ಕು ನಮಗಿಲ್ಲ. ಉದ್ದ ಲೆನ್ಸಿಗೆ ಹಣ ಹಾಕುವುದಕ್ಕೆ ಚಿತ್ರದ ಗುಣಮಟ್ಟಕ್ಕಿಂತ ದೊಡ್ಡ ಕಾರಣ ಇದು. ನಾಯಿಯನ್ನು ಕೆರೆಯ ಕಡೆ ಯಾವತ್ತೂ ಕರೆದುಕೊಂಡು ಹೋಗಬಾರದು ಎಂದು ಆಗಲೇ ತೀರ್ಮಾನಿಸಿದೆವು. ಬೇಟೆ ನಾಯಿಯನ್ನು ಹಗ್ಗ ಹಾಕಿ ಹಿಡಿದಿದ್ದರೂ ಹಕ್ಕಿಗಳಿಗೆ ಅದು ಬೇಟೆ ನಾಯಿಯೇ.

ಹೊಸ ಡಿಎಸ್‌ಎಲ್‌ಆರ್ ಬಿಟ್ಟರೆ ಉಳಿದದ್ದು ಎರಡು ದಾರಿ. ಹೊಸ ಮಿರರ್‌ಲೆಸ್ (ಕನ್ನಡಿ ಇಲ್ಲದ ಕ್ಯಾಮೆರಾ) ಅಥವಾ ಬಳಸಿದ ಡಿಎಸ್‌ಎಲ್‌ಆರ್. ಮಿರರ್‌ಲೆಸ್ ಕ್ಯಾಮೆರಾಗಳು ಈಗ ಹಕ್ಕಿಯ ಕಣ್ಣು, ನಾಯಿಯ ಕಣ್ಣು ತಾವೇ ಹುಡುಕಿ ಫೋಕಸ್ ಮಾಡುತ್ತವೆ. ಇದು ನಿಜವಾದ ಅನುಕೂಲ. ದೊಡ್ಡ ಕಂಪನಿಗಳೆಲ್ಲ ಆ ಕಡೆ ಹೋಗಿಬಿಟ್ಟಿವೆ. ನಿಕಾನ್, ಕ್ಯಾನನ್ ಎರಡೂ 2020ರ ನಂತರ ಡಿಎಸ್‌ಎಲ್‌ಆರ್‌ನಲ್ಲಿ ಹೊಸ ಮಾದರಿ ತರುವುದನ್ನು ನಿಲ್ಲಿಸಿದಂತೆಯೇ. ಆದರೆ ಒಂದೂಕಾಲು ಲಕ್ಷದೊಳಗೆ ಒಳ್ಳೆಯ ಮಿರರ್‌ಲೆಸ್ ಬಾಡಿ ಮತ್ತು 500 ಎಂಎಂ ಲೆನ್ಸ್ ಎರಡೂ ಬರುವುದಿಲ್ಲ. ಬಾಡಿ ಬಂದರೆ ಲೆನ್ಸ್ ಇಲ್ಲ. ಜನ ಮಿರರ್‌ಲೆಸ್ ಕಡೆ ಹೋಗುತ್ತಾ ಮಾರುತ್ತಿರುವ ಡಿಎಸ್‌ಎಲ್‌ಆರ್‌ಗಳು ಅರ್ಧ ಬೆಲೆಗೂ ಸಿಗುತ್ತಿವೆ. ಐದಾರು ವರ್ಷದ ಹಿಂದೆ ವನ್ಯಜೀವಿ ಫೋಟೋಗ್ರಾಫರುಗಳು ಕಾಡಿಗೆ ಒಯ್ಯುತ್ತಿದ್ದ ಸಲಕರಣೆ ಈಗ ಶಿಕ್ಷಕಿಯೊಬ್ಬರ ಕೈಗೆಟಕುವ ಬೆಲೆಗೆ ಬಂದಿದೆ ಅಂದರೆ, ಅದನ್ನು ಬಿಡುವುದು ಯಾಕೆ?

ಬ್ಯಾಟರಿಯ ವಿಷಯವೂ ಇತ್ತು. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರಿನಲ್ಲಿ ಕಾಣುವುದು ಕನ್ನಡಿಯಿಂದ ಬರುವ ಬೆಳಕು. ಪರದೆ ಉರಿಯಬೇಕಿಲ್ಲ. ಕೆರೆದಂಡೆಯಲ್ಲಿ ಗಂಟೆಗಟ್ಟಲೆ ಕಣ್ಣಿಟ್ಟು ಕೂತರೂ ಚಾರ್ಜ್ ಅಷ್ಟಾಗಿ ಇಳಿಯುವುದಿಲ್ಲ.

ಕೊನೆಗೆ ಪಟ್ಟಿಯಲ್ಲಿ ಮೂರು ಉಳಿದವು: ನಿಕಾನ್ ಡಿ500, ನಿಕಾನ್ ಡಿ7500, ಕ್ಯಾನನ್ 80ಡಿ.

ನನ್ನ ಮನಸ್ಸಿದ್ದದ್ದು ಡಿ500 ಮೇಲೆ. 2016ರ ಕ್ಯಾಮೆರಾ. 153 ಫೋಕಸ್ ಬಿಂದುಗಳು ಚೌಕಟ್ಟಿನ ಅಂಚಿನವರೆಗೂ ಹರಡಿವೆ. ಸೆಕೆಂಡಿಗೆ 10 ಫ್ರೇಮ್. ಎಕ್ಸ್‌ಕ್ಯೂಡಿ ಎಂಬ ವೇಗದ ಕಾರ್ಡ್ ಹಾಕಿದರೆ ನಿಲ್ಲದೆ 200 ರಾ (ಕ್ಯಾಮೆರಾ ಸಂಸ್ಕರಿಸದ) ಫೋಟೋ. ಎಪಿಎಸ್-ಸಿ ಡಿಎಸ್‌ಎಲ್‌ಆರ್‌ಗಳಲ್ಲಿ ಹಾರುವ ಹಕ್ಕಿಗೆ ಇದಕ್ಕಿಂತ ಒಳ್ಳೆಯದು ಬಂದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ವೈನಿ ಲೆಕ್ಕ ಹಾಕಿ ತೋರಿಸಿದರು. ಬಳಸಿದ ಡಿ500 ಮತ್ತು ಉದ್ದ ಲೆನ್ಸ್ ಸೇರಿದರೆ ಹಣ ಪೂರ್ತಿ ಮುಗಿಯುತ್ತದೆ. ಮನೆಯೊಳಗೆ ನಾಯಿಯ ಫೋಟೋಗೆ ಬೇಕಾದ ಸಣ್ಣ ಲೆನ್ಸಿಗೆ ಏನೂ ಉಳಿಯುವುದಿಲ್ಲ. ಡಿ7500ರಲ್ಲಿ ಇರುವುದು ಅದೇ 20.9 ಮೆಗಾಪಿಕ್ಸೆಲ್ ಸೆನ್ಸರ್, ಅದೇ ಎಕ್ಸ್‌ಪೀಡ್ 5 ಪ್ರೊಸೆಸರ್. ಫೋಕಸ್ ಬಿಂದು 51, ವೇಗ 8 ಫ್ರೇಮ್, ಒಂದೇ ಗುಕ್ಕಿನಲ್ಲಿ 50 ರಾ ಫೋಟೋ. ಕಾರ್ಡ್ ಜಾಗ ಒಂದೇ, ಅದೂ ಯುಎಚ್‌ಎಸ್-1 ಎಂಬ ಸಾಮಾನ್ಯ ವೇಗದ್ದು. ಹಾಗಾಗಿ ದುಬಾರಿ ಕಾರ್ಡ್ ಕೊಳ್ಳುವ ಅಗತ್ಯವೇ ಇಲ್ಲ. ಜೊತೆಗೆ ಡಿ500ರಲ್ಲಿ ಇಲ್ಲದ ಒಂದು ಸಂಗತಿ ಇದರಲ್ಲಿದೆ. ಮೇಲಿನ ಡಯಲಿನಲ್ಲಿ ಯು1, ಯು2 ಎಂಬ ಎರಡು ಜಾಗ. ಎರಡು ಬಗೆಯ ಸೆಟ್ಟಿಂಗ್ ಪೂರ್ತಿಯಾಗಿ ಉಳಿಸಿಕೊಳ್ಳಬಹುದು. ಒಂದು ನಾಯಿಗೆ, ಇನ್ನೊಂದು ಹೆಬ್ಬಾತಿಗೆ. ಅವರ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಕ್ಯಾನನ್ 80ಡಿ ಗಟ್ಟಿ ಪೈಪೋಟಿ ಕೊಟ್ಟಿತು. 45 ಫೋಕಸ್ ಬಿಂದುಗಳೂ ಕ್ರಾಸ್ ಟೈಪ್, ಅಂದರೆ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಹಿಡಿಯುವಂಥವು. ಸೆಕೆಂಡಿಗೆ 7 ಫ್ರೇಮ್. ಎಲ್ಲಕ್ಕಿಂತ ಮುಖ್ಯವಾಗಿ ಡ್ಯುಯಲ್ ಪಿಕ್ಸೆಲ್ ಫೋಕಸ್. ಪರದೆ ನೋಡುತ್ತಾ ಫೋಟೋ ತೆಗೆಯುವಾಗ ನಿಕಾನ್ ಡಿಎಸ್‌ಎಲ್‌ಆರ್‌ಗಳ ಫೋಕಸ್ ನಿಧಾನ. 80ಡಿಯಲ್ಲಿ ಹಾಗಲ್ಲ. ಸಾಕುಪ್ರಾಣಿಗಳ ಫೋಟೋದಲ್ಲಿ ಇದು ಸಣ್ಣ ವಿಷಯವಲ್ಲ. ನಾಯಿಯ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಳಿಸಿದಾಗಲೇ ಚಿತ್ರಕ್ಕೆ ಜೀವ ಬರುತ್ತದೆ. ಮೇಲಿನಿಂದ ಬಗ್ಗಿ ತೆಗೆದರೆ ದೊಡ್ಡ ತಲೆ, ಸಣ್ಣ ಕಾಲು. ಪರದೆ ಹೊರಳಿಸಿ ಕ್ಯಾಮೆರಾವನ್ನು ನೆಲದ ಮೇಲೆ ಇಟ್ಟು ತೆಗೆಯುವವರಿಗೆ, ಮನೆಯೊಳಗಿನ ಬೆಕ್ಕು ಅಥವಾ ನಾಯಿಮರಿಯೇ ಮುಖ್ಯ ವಿಷಯವಾಗಿದ್ದವರಿಗೆ ನಾನು ಇವತ್ತೂ 80ಡಿ ಅಥವಾ 90ಡಿ ತಗೊಳ್ಳಿ ಎಂದೇ ಹೇಳುತ್ತೇನೆ.

ಮಾತಿನಲ್ಲಿ ಇದು ಬಗೆಹರಿಯಲಿಲ್ಲ. ಹುಬ್ಬಳ್ಳಿಯಿಂದ ಎರಡೂ ಸೆಟ್ ಬಾಡಿಗೆಗೆ ತಂದೆವು. ಡಿ7500 ಜೊತೆ ನಿಕಾನ್ 200-500 ಎಂಎಂ, 80ಡಿ ಜೊತೆ ಸಿಗ್ಮಾ 150-600 ಎಂಎಂ ಕಂಟೆಂಪರರಿ. ಬಾಡಿಗೆಗೆ ಕೊಟ್ಟ ಹಣ ದಂಡ ಅನ್ನಿಸಬಹುದು. ಲಕ್ಷದ ಮೇಲಿನ ಖರೀದಿಗೆ ಮುಂಚೆ ಇದರಷ್ಟು ಉಪಯೋಗದ ಖರ್ಚು ಬೇರೆ ಇಲ್ಲ.

ಜೋಳ ಕೊಯ್ದ ಎರೆಹೊಲದ ಆ ತುದಿಯಲ್ಲಿ ಅಣ್ಣ ನಾಯಿಯನ್ನು ಹಿಡಿದು ನಿಂತ. ಈ ತುದಿಯಲ್ಲಿ ವೈನಿ ನೆಲದ ಮೇಲೆ ಕೂತು ಹೆಸರು ಹಿಡಿದು ಕರೆದರು. ನಾಯಿ ನೇರವಾಗಿ ಕ್ಯಾಮೆರಾ ಕಡೆಗೇ ಓಡಿ ಬರುವುದು ಫೋಕಸ್‌ಗೆ ಅತಿ ಕಷ್ಟದ ಪರೀಕ್ಷೆ. ದೂರ ಪ್ರತಿ ಕ್ಷಣ ಬದಲಾಗುತ್ತದೆ, ನಾಯಿ ಹತ್ತಿರ ಬಂದಷ್ಟೂ ಫೋಕಸ್ ಬದಲಾಗಬೇಕಾದ ವೇಗವೂ ಹೆಚ್ಚುತ್ತಾ ಹೋಗುತ್ತದೆ. ಎರಡೂ ಕ್ಯಾಮೆರಾ ಚೆನ್ನಾಗಿಯೇ ಹಿಂಬಾಲಿಸಿದವು. ಆರಂಭಿಕ ಮಟ್ಟದ ಕ್ಯಾಮೆರಾದಲ್ಲಿ ಇದು ಆಗುತ್ತಿರಲಿಲ್ಲ. ಇಲ್ಲಿ ನಾವು ಕಂಡುಕೊಂಡದ್ದು ಬೇರೆಯೇ. ಎರಡು ಕಿಲೋ ಲೆನ್ಸ್ ಹಾಕಿದ ಕ್ಯಾಮೆರಾವನ್ನು ಪರದೆ ನೋಡುತ್ತಾ ಕೈ ಚಾಚಿ ಹಿಡಿಯಲು ಆಗುವುದೇ ಇಲ್ಲ. ಕಣ್ಣಿಗೆ ಒತ್ತಿ, ಮೊಣಕೈಯನ್ನು ಮೈಗೆ ಆನಿಸಿಯೇ ಹಿಡಿಯಬೇಕು. ಅಂದರೆ 80ಡಿಯ ದೊಡ್ಡ ಅನುಕೂಲ ವೈನಿಯ ಮುಕ್ಕಾಲು ಪಾಲು ಕೆಲಸದಲ್ಲಿ ಬಳಕೆಗೇ ಬರುವುದಿಲ್ಲ.

ಮಾರನೇ ಬೆಳಿಗ್ಗೆ ಕೆರೆ. ಸೂರ್ಯ ಹುಟ್ಟುವ ಹೊತ್ತಿಗೆ ಬೆಳಕು ಕಡಿಮೆ, ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಮಟ್ಟ) ಏರುತ್ತದೆ. ಲೆನ್ಸಿನ ಎಫ್ ಸಂಖ್ಯೆ ಕಡಿಮೆ ಇದ್ದಷ್ಟೂ ಒಳಗೆ ಹೆಚ್ಚು ಬೆಳಕು ಬರುತ್ತದೆ. ನಿಕಾನ್ ಲೆನ್ಸ್ 200ರಿಂದ 500ರವರೆಗೂ ಎಫ್/5.6ರಲ್ಲೇ ಇರುತ್ತದೆ. ಸಿಗ್ಮಾ ಉದ್ದದ ತುದಿಯಲ್ಲಿ ಎಫ್/6.3. ವ್ಯತ್ಯಾಸ ಮೂರನೇ ಒಂದು ಸ್ಟಾಪ್ ಅಷ್ಟೇ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ), ಆದರೆ ಆ ಹೊತ್ತಿನಲ್ಲಿ ಅದೂ ಬೇಕು. ಹೆಚ್ಚಿನ ಐಎಸ್‌ಒದಲ್ಲಿ ಡಿ7500ರ ಫೋಟೋಗಳು ಸ್ವಲ್ಪ ಸ್ವಚ್ಛವಾಗಿದ್ದವು. ಹಾರುವ ಹಿಂಡಿಗೆ ಅದರ ಗ್ರೂಪ್ ಏರಿಯಾ ಫೋಕಸ್ ಬಹಳ ಚೆನ್ನಾಗಿ ಕೆಲಸ ಮಾಡಿತು. ಖಾಲಿ ಆಕಾಶದ ಎದುರು ಹತ್ತಿರದ ವಸ್ತುವನ್ನು ಹಿಡಿಯುವುದೇ ಅದರ ಗುಣ, ಆಕಾಶದಲ್ಲಿ ಹತ್ತಿರ ಇರುವುದು ಹಕ್ಕಿಯೊಂದೇ. ಇದೇ ಮೋಡ್ ನಾಯಿಗೆ ಹಾಕಿದಾಗ ಮುಂದಿದ್ದ ಜೋಳದ ಕೂಳೆಗೆ ಫೋಕಸ್ ಕೂತುಬಿಟ್ಟಿತ್ತು. ಅಲ್ಲಿ ನಾವು ಆರಿಸಿದ ಬಿಂದುವಿನ ಜೊತೆ ಸುತ್ತಲಿನವನ್ನೂ ಬಳಸುವ 9 ಬಿಂದುಗಳ ಡೈನಮಿಕ್ ಏರಿಯಾ ಬೇಕು.

ಸಿಗ್ಮಾದ ಪರವಾಗಿ ಎರಡು ಮಾತಿದ್ದವು. ಒಂದು, 600ರವರೆಗೂ ಎಟಕುತ್ತದೆ. ಎರಡು, ತೂಕ 1,930 ಗ್ರಾಂ. ನಿಕಾನ್ ಲೆನ್ಸ್ ಟ್ರೈಪಾಡ್ ಕಾಲರ್ ಸೇರಿ 2,300 ಗ್ರಾಂ. ಮೊದಲನೆಯದನ್ನು ಬಯಲುಸೀಮೆಯ ಬಿಸಿಲೇ ತಳ್ಳಿಹಾಕಿತು. ಹತ್ತು ಗಂಟೆ ದಾಟಿದ ಮೇಲೆ ಎರೆಹೊಲ ಕಾದು, ನೀರಿನ ಮೇಲಿನ ಗಾಳಿ ನಡುಗತೊಡಗುತ್ತದೆ. ದೂರದ ಹಕ್ಕಿಯ ಅಂಚು ಕದಡಿ ಹೋಗುತ್ತದೆ. ಆಗ 500 ಇದ್ದರೂ 600 ಇದ್ದರೂ ಕದಡಿದ ಫೋಟೋನೇ. ಎಷ್ಟೋ ಜನ ಇದನ್ನು ಲೆನ್ಸಿನ ದೋಷ ಅಂದುಕೊಂಡು ಸರ್ವೀಸಿಗೆ ಕೊಡುತ್ತಾರೆ. ಬೆಳಿಗ್ಗೆ ಬೇಗ ಹೋಗುವುದು ಬಿಟ್ಟರೆ ಇದಕ್ಕೆ ಮದ್ದಿಲ್ಲ. ತೂಕದ ವಿಷಯ ಮಾತ್ರ ನಿಜ. 720 ಗ್ರಾಂ ಬಾಡಿಯೂ ಸೇರಿ ಮೂರು ಕಿಲೋ ಆಗುತ್ತದೆ. ವೈನಿ ಸ್ವಲ್ಪ ಹೊತ್ತು ಹಿಡಿದು ನೋಡಿ, "ಇದಕ್ಕೊಂದು ಕೋಲು ಬೇಕ್ರಿ" ಅಂದರು. ಮಾನೋಪಾಡ್ ಪಟ್ಟಿಗೆ ಸೇರಿತು. ಡಿ7500 ಎಂದು ತೀರ್ಮಾನವಾಯಿತು.

ಮನೆಯೊಳಗಿನ ಲೆನ್ಸಿಗೆ ಜಾಸ್ತಿ ಚರ್ಚೆ ಇರಲಿಲ್ಲ. ಎಫ್/5.6ಕ್ಕೆ ಹೋಲಿಸಿದರೆ ಎಫ್/1.8 ಲೆನ್ಸ್ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಪಡಸಾಲೆಯ ಟ್ಯೂಬ್‌ಲೈಟಿನಲ್ಲಿ 1/250 ಸಿಗುವ ಕಡೆ ಉದ್ದ ಲೆನ್ಸಿಗೆ 1/25 ಸಿಗುತ್ತದೆ. ಅಷ್ಟರಲ್ಲಿ ನಾಯಿ ಕಿವಿ ಕೊಡವಿದರೂ ಫೋಟೋ ಹೋಯಿತು. ನಿಕಾನ್ ಡಿಎಕ್ಸ್ 35 ಎಂಎಂ ಎಫ್/1.8 ತೂಕ 200 ಗ್ರಾಂ, ಬಳಸಿದ್ದು ಅಗ್ಗಕ್ಕೆ ಸಿಗುತ್ತದೆ. ಒಂದೇ ಎಚ್ಚರ. ಮುಧೋಳ ನಾಯಿಯ ಮೋರೆ ಉದ್ದ. ಒಂದು ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್. ಮೂಗಿಗೆ ಫೋಕಸ್ ಆದರೆ ಕಣ್ಣು ಮಸುಕು. ಎಫ್/4ಕ್ಕೆ ಇಟ್ಟರೆ ಆ ಆಳ 13 ಸೆಂಟಿಮೀಟರ್ ಆಗುತ್ತದೆ, ಮೋರೆ ಪೂರ್ತಿ ಬರುತ್ತದೆ. ಪಗ್ ತರಹದ ಚಪ್ಪಟೆ ಮುಖದ ನಾಯಿ ಇರುವವರಿಗೆ ಈ ತೊಂದರೆ ಇಲ್ಲ.

ಬಳಸಿದ ಸಾಮಾನು ಕೊಳ್ಳುವಾಗ ಏನೇನು ನೋಡಿದೆವು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಹೆಚ್ಚಿನವರು ಹೆದರುವುದು ಇಲ್ಲೇ. ಡಿ7500ರ ಶಟರನ್ನು ಕಂಪನಿ 1,50,000 ಸಲದವರೆಗೆ ಪರೀಕ್ಷಿಸಿದೆ. ಮಾರುವವರಿಂದ ಆಗ ತಾನೇ ತೆಗೆದ ಒಂದು ಜೆಪೆಗ್ ಫೈಲ್ ತರಿಸಿಕೊಂಡರೆ ಅದರ ಒಳಗಿನ ಮಾಹಿತಿಯಲ್ಲಿ ಶಟರ್ ಎಣಿಕೆ ಸಿಗುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಅಳಿಸಿ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಎಫ್/16ಕ್ಕೆ ಇಟ್ಟು ಖಾಲಿ ಆಕಾಶದ ಫೋಟೋ ತೆಗೆದರೆ ಸೆನ್ಸರಿನ ಮೇಲಿನ ಧೂಳು ಚುಕ್ಕೆಯಾಗಿ ಕಾಣುತ್ತದೆ. ಧೂಳನ್ನು ಒರೆಸಬಹುದು, ಗೀರನ್ನು ಒರೆಸಲಾಗದು. ಲೆನ್ಸಿನ ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯಂತೆ ಎಳೆ ಕಂಡರೆ ಅದು ಫಂಗಸ್. ಕರಾವಳಿ, ಮಲೆನಾಡಿನ ಕಡೆ ಮಳೆಗಾಲ ಕಳೆದ ಲೆನ್ಸುಗಳಲ್ಲಿ ಇದನ್ನು ತಪ್ಪದೆ ನೋಡಬೇಕು. ಎಷ್ಟೇ ಅಗ್ಗವಾದರೂ ಫಂಗಸ್ ಇದ್ದರೆ ಬಿಟ್ಟುಬಿಡಿ. ಝೂಮ್ ರಿಂಗ್ ಪೂರ್ತಿ ತಿರುಗಿಸಿ, ಎಲ್ಲಾದರೂ ಕರಕರ ಅನ್ನುತ್ತದಾ ಎಂದು ಕೇಳಿ. ಮೊದಲ ಬಿಲ್ ಇದ್ದರೆ ಒಳ್ಳೆಯದು, ಕದ್ದ ಮಾಲಲ್ಲ ಎಂಬ ಧೈರ್ಯವಾದರೂ ಇರುತ್ತದೆ. ಇಷ್ಟೆಲ್ಲ ನೋಡಿ ಕೊಂಡಾಗ ಹಣದ ಅರ್ಧದಷ್ಟು 200-500 ಲೆನ್ಸಿಗೇ ಹೋಯಿತು. ಹಾಗೇ ಹೋಗಬೇಕು ಕೂಡ.

ಮನೆಗೆ ಬಂದ ಮೇಲೆ ಮೊದಲ ಕೆಲಸ ಫೋಕಸ್ ಹೊಂದಾಣಿಕೆ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಬೀಳುವ ಸೆನ್ಸರ್ ಬೇರೆ. ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಉದ್ದ ಲೆನ್ಸಿನಲ್ಲಿ ಎದ್ದು ಕಾಣುತ್ತದೆ. ದಿನಪತ್ರಿಕೆಯನ್ನು ಓರೆಯಾಗಿ ಇಟ್ಟು ಒಂದು ಸಾಲಿಗೆ ಫೋಕಸ್ ಮಾಡಿ ತೆಗೆದೆವು. ಸ್ಪಷ್ಟವಾಗಿದ್ದದ್ದು ಅದರ ಹಿಂದಿನ ಸಾಲು. ಡಿ7500ರ ಎಎಫ್ ಫೈನ್ ಟ್ಯೂನ್‌ನಲ್ಲಿ ಅದನ್ನು ಸರಿಪಡಿಸಿದೆವು. ಡಿ3500, ಡಿ5600ರಲ್ಲಿ ಈ ಸೌಲಭ್ಯವೇ ಇಲ್ಲ.

ಯು1 ನಾಯಿಗೆ: 1/2000, ಎಫ್/5.6, ಆಟೋ ಐಎಸ್‌ಒ, ಡೈನಮಿಕ್ 9. ಅವರ ನಾಯಿಯ ಮೈ ಕಪ್ಪು. ಚೌಕಟ್ಟಿನ ತುಂಬ ಕಪ್ಪು ಬಂದರೆ ಕ್ಯಾಮೆರಾ ಅದನ್ನು ಬೂದು ಮಾಡಲು ಹೋಗಿ ಬೆಳಕು ಹೆಚ್ಚಿಸುತ್ತದೆ, ಅದಕ್ಕೇ ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್ ಇಳಿಸಿ ಇಟ್ಟಿದ್ದಾರೆ. ಯು2 ಹೆಬ್ಬಾತಿಗೆ: 1/1600, ಗ್ರೂಪ್ ಏರಿಯಾ, ಎಕ್ಸ್‌ಪೋಶರ್ ಒಂದು ಸ್ಟಾಪ್ ಮೇಲೆ. ಬೆಳಗಿನ ಬಿಳಿ ಆಕಾಶದ ಎದುರು ಹಕ್ಕಿ ಕಪ್ಪಾಗಿಬಿಡುವುದು ಇದರಿಂದ ತಪ್ಪಿತು.

ವೈನಿ ದಿನಾ ಸಂಜೆ ನಾಯಿಯ ಓಟದ ಮೇಲೆ ಅಭ್ಯಾಸ ಮಾಡಿದರು. ಹೆಬ್ಬಾತು ಬರುವುದು ಚಳಿಗಾಲಕ್ಕೆ ಮಾತ್ರ, ಆದರೆ ನಾಯಿ ಮನೆಯಲ್ಲೇ ಇರುತ್ತದೆ. ಓಡುವ ನಾಯಿಯನ್ನು ವ್ಯೂಫೈಂಡರಿನಲ್ಲಿ ಹಿಡಿದಿಟ್ಟುಕೊಳ್ಳಲು ಕಲಿತವರಿಗೆ ನೇರವಾಗಿ ಹಾರುವ ದೊಡ್ಡ ಹಕ್ಕಿ ಕಷ್ಟವಲ್ಲ. ಕಾಡಿನ ಸಫಾರಿಗೆ ದುಡ್ಡು ಕೊಟ್ಟು ಹೋಗಿ, ಅಲ್ಲಿ ಜೀಪಿನಲ್ಲಿ ಕೂತು ಸೆಟ್ಟಿಂಗ್ ಕಲಿಯುವವರನ್ನು ತುಂಬಾ ನೋಡಿದ್ದೇನೆ. ಅವರಿಗೆ ನಾನು ಹೇಳುವುದು ಇದನ್ನೇ: ಬೀದಿಯ ನಾಯಿ, ಅಂಗಳದ ಗುಬ್ಬಿ, ಹೊಲದ ಬೆಳ್ಳಕ್ಕಿಗಳ ಮೇಲೆ ಕೈ ಪಳಗಿಸಿಕೊಂಡು ಹೋಗಿ.

ಆ ಚಳಿಗಾಲದಲ್ಲಿ ಬಂದ ಫೋಟೋಗಳಲ್ಲಿ ಕೆಲವು ಈಗ ಶಾಲೆಯ ವಿಜ್ಞಾನ ಕೋಣೆಯ ಗೋಡೆಯಲ್ಲಿವೆ. ತಲೆಯ ಪಟ್ಟೆ, ಕಿತ್ತಳೆ ಬಣ್ಣದ ಕಾಲು ಎಲ್ಲಾ ಸ್ಪಷ್ಟ. ನಾಯಿ ಗಾಳಿಯಲ್ಲಿ ತೇಲುವ ಫೋಟೋ ಅಣ್ಣನ ಮೊಬೈಲಿನಲ್ಲಿದೆ. ಕೊರತೆಗಳೂ ಉಳಿದಿವೆ. ನೆಲಮಟ್ಟದಲ್ಲಿ 35 ಎಂಎಂ ಹಾಕಿ ಪರದೆ ನೋಡುತ್ತಾ ತೆಗೆಯುವಾಗ ಫೋಕಸ್ ನಿಧಾನ, 80ಡಿ ಇದ್ದಿದ್ದರೆ ಅನ್ನಿಸುತ್ತದೆ. ಲೆನ್ಸ್ ಬದಲಿಸುವಾಗ ಎರೆಮಣ್ಣಿನ ಧೂಳು ಒಳಗೆ ಹೋಗುತ್ತದೆ, ಹಾಗಾಗಿ ಹೊಲದಲ್ಲಿ ಬದಲಿಸುವುದನ್ನೇ ಬಿಟ್ಟಿದ್ದಾರೆ.

ಮಿರರ್‌ಲೆಸ್ ಆಸೆ ಹೋಗಿಲ್ಲ. 2024ರ ಕೊನೆಗೆ ಬಂದ ನಿಕಾನ್ ಝಡ್50 2ರಲ್ಲಿ ಹಕ್ಕಿಯನ್ನು ಗುರುತಿಸುವ ಫೋಕಸ್ ಇದೆ. ಹಳೆಯ ನಿಕಾನ್ ಲೆನ್ಸನ್ನು ಮಿರರ್‌ಲೆಸ್‌ಗೆ ಜೋಡಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ 200-500 ಲೆನ್ಸ್ ಅದರಲ್ಲೂ ಆಟೋಫೋಕಸ್ ಸಮೇತ ಕೆಲಸ ಮಾಡುತ್ತದೆ, 35 ಎಂಎಂ ಕೂಡ. ನಾಳೆ ಬಾಡಿ ಬದಲಿಸಿದರೂ ಲೆನ್ಸಿಗೆ ಹಾಕಿದ ಹಣ ಹಾಗೇ ಉಳಿಯುತ್ತದೆ. ಎರಡು ವರ್ಷ ಬಿಟ್ಟು, ಅದೂ ಬಳಸಿದ್ದು ಸಿಕ್ಕಾಗ ನೋಡೋಣ ಅಂದಿದ್ದಾರೆ ವೈನಿ.